ಎಡಗಾಲು ಕೈಗೆ ಬರುವುದಿಲ್ಲ

ಕಿವಿಗೆ ಏನಾಯಿತು ಎಂದು ನಿನ್ನೆಯಿಂದ ಮೂವರು ಕೇಳಿದ್ದರು. ಮೂವರಿಗೂ ಬಾಣದಣ್ಣ ಬೇರೆ ಬೇರೆ ಉತ್ತರ ಕೊಟ್ಟಿದ್ದ. ಕೆಳಗಿನ ಮನೆಯ ಮುದುಕರಿಗೆ ಬಾಗಿಲ ಚಿಲಕ ಗೀರಿತು ಎಂದ. ಆಫೀಸಿನ ಯಜಮಾನನಿಗೆ ಸೊಳ್ಳೆ ಕಚ್ಚಿ ಕೆರೆದುಕೊಂಡೆ ಎಂದ. ಈಗ ಬಸ್ಸಿನ ಕಂಡಕ್ಟರಿಗೆ ಬೆಕ್ಕು ಪರಚಿತು ಎಂದ. ಅವನ ಮನೆಯಲ್ಲಿ ಬೆಕ್ಕು ಇರಲಿಲ್ಲ, ಬೆಕ್ಕನ್ನು ಕಂಡರೆ ಹೆಂಡತಿಗೆ ಆಗುತ್ತಿರಲಿಲ್ಲ. ಇಷ್ಟು ಸಣ್ಣ ಗಾಯಕ್ಕೆ ಇಷ್ಟು ಸುಳ್ಳು ಯಾಕೆ ಬೇಕು ಎಂದು ಕಿಟಕಿಯ ಗಾಜಿನಲ್ಲಿ ಕಾಣುವ ತನ್ನನ್ನೇ ಕೇಳಿಕೊಂಡ. ಗಾಜಿನವನು ಬೆರಳೆತ್ತಿ ಕಿವಿಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಾದರೂ ಯಾರಾದರೂ ಕೂಗಿದ ಮೇಲೆ ಮುಟ್ಟಿಕೊಂಡಿದ್ದ. ಇವನಿಗೆ ಯಾರೂ ಏನೂ ಅಂದಿರಲಿಲ್ಲ. ಷರಟಿನ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಅದು ಇದೆಯೇ ಎಂದೂ ಮುಟ್ಟಿ ನೋಡಿಕೊಂಡ. ಕಿವಿ, ಜೇಬು, ಕಿವಿ, ಜೇಬು. ಪಕ್ಕದಲ್ಲಿ ಕೂತ ಹೆಂಗಸು ತನ್ನ ಚೀಲವನ್ನು ಆಚೆ ಬದಿಗೆ ಎಳೆದುಕೊಂಡಳು.

ಬಾಣದಣ್ಣ ಎಂಬುದು ಆಫೀಸಿನವರು ಇಟ್ಟ ಹೆಸರು. ಕಂಪ್ಯೂಟರಿನ ಪರದೆಯ ಮೇಲೆ ಮೌಸಿನ ಜೊತೆ ಓಡಾಡುವ ಒಂದು ಬಾಣವಿರುತ್ತದಲ್ಲ, ಅದು ಯಾವ ಚಿತ್ರದ ಮೇಲೆ ಬಂದು ಒತ್ತಿತು ಎಂದು ಕಂಡುಹಿಡಿಯುವ ಲೆಕ್ಕ ಹದಿನಾರು ವರ್ಷದಿಂದ ಇವನದೇ. ಚಿತ್ರ ಬರೆಯುವುದು ಬೇರೆಯವರ ಕೆಲಸ, ಬಣ್ಣ ತುಂಬುವುದು ಬೇರೆಯವರ ಕೆಲಸ. ಒತ್ತಿದ್ದು ತಾಗಿತೋ ಇಲ್ಲವೋ ಎಂದು ಹೇಳುವುದಷ್ಟೇ ಇವನ ಕೆಲಸ. ಸುಲಭ ಎಂದು ಜನ ತಿಳಿಯುತ್ತಾರೆ, ಬೆರಳಿಟ್ಟ ಕಡೆ ಏನಿದೆ ಎಂದು ನೋಡಿದರೆ ಆಯಿತಲ್ಲ ಎಂದು. ಕಂಪ್ಯೂಟರಿಗೆ ಕಣ್ಣೆಲ್ಲಿದೆ? ಅದರ ಹತ್ತಿರ ಚಿತ್ರದ ಪ್ರತಿ ತುಂಡಿನ ತವರಿನ ರೂಪ ಒಂದೇ ಇರುತ್ತದೆ: ನೆಟ್ಟಗೆ ನಿಂತದ್ದು, ಬೂಟಿನ ತುಂಡಾದರೆ ಬಲಗಾಲಿನದು, ಒಂದೇ ಅಳತೆಯದು. ಪರದೆಯ ಮೇಲೆ ಬರುವಾಗ ಅದನ್ನು ಮಗುಚಿ, ತಿರುಗಿಸಿ, ಹಿಗ್ಗಿಸಿ ತೋರಿಸುತ್ತಾರೆ. ಬಾಣ ಒತ್ತಿದಾಗ ಆ ಒತ್ತಿದ ಚುಕ್ಕೆಯನ್ನು ಕೈಹಿಡಿದು ತುಂಡಿನ ತವರಿಗೆ ಕರೆದುಕೊಂಡು ಹೋಗಬೇಕು. ಹಿಗ್ಗಿದ್ದನ್ನು ಕುಗ್ಗಿಸಿ, ತಿರುಗಿದ್ದನ್ನು ನೆಟ್ಟಗೆ ಮಾಡಿ, ಮಗುಚಿದ್ದನ್ನು ಮರಳಿ ಮಗುಚಿ, ಅಲ್ಲಿ ನಿಂತು ಚುಕ್ಕೆ ಒಳಗಿದೆಯೋ ಹೊರಗಿದೆಯೋ ಎಂದು ಕೇಳಬೇಕು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವವನು ಕೊನೆಯ ತಿರುವನ್ನು ಮೊದಲು ಹಾಯಬೇಕು ಎಂಬುದು ದನ ಮೇಯಿಸುವವನಿಗೂ ಗೊತ್ತು. ಹದಿನಾರು ವರ್ಷ ಇದನ್ನೇ ಉಂಡು ಉಟ್ಟ ಬಾಣದಣ್ಣ ಮೊದಲ ತಿರುವನ್ನು ಮೊದಲು ಹಾಯ್ದಿದ್ದ.

ಗೊತ್ತಾದದ್ದು ನಿನ್ನೆ ಬೆಳಿಗ್ಗೆ, ಬಚ್ಚಲ ಕನ್ನಡಿಯ ಮುಂದೆ. ಕಿವಿಯ ಮೇಲೆ ಒಂದು ಬಿಳಿಕೂದಲು ಒಂಟಿಯಾಗಿ ನಿಂತಿತ್ತು. ತಲೆಯನ್ನು ಓರೆ ಮಾಡಿ, ಕನ್ನಡಿಯಲ್ಲಿ ನೋಡುತ್ತ ಕತ್ತರಿ ಹಿಡಿದ. ಕತ್ತರಿಯನ್ನು ಈಚೆ ತಂದರೆ ಆಚೆ ಹೋಗುತ್ತಿತ್ತು. ತಲೆಯನ್ನು ಇನ್ನಷ್ಟು ಓರೆ ಮಾಡಿದ. ಕನ್ನಡಿಯವನು ಅಷ್ಟೇ ಓರೆಯಾದ, ಆದರೆ ಇವನ ಕೈ ಎಣಿಸಿದ ಕಡೆಗಲ್ಲ. ಮೊದಲು ಮಗುಚಿ ಆಮೇಲೆ ಓರೆ ಮಾಡಿದ್ದಕ್ಕೂ, ಮೊದಲು ಓರೆ ಮಾಡಿ ಆಮೇಲೆ ಮಗುಚಿದ್ದಕ್ಕೂ ನಡುವೆ ಎಷ್ಟು ದೂರ ಎಂಬುದು ಅವನಿಗೆ ಹೊಳೆದದ್ದೂ ಕತ್ತರಿ ಕಿವಿಯ ಅಂಚನ್ನು ಹಿಡಿದದ್ದೂ ಒಟ್ಟಿಗೇ. ರಕ್ತ ನೋಡಿ ಓಡಿಬಂದ ಹೆಂಡತಿ ಪಟ್ಟಿ ಅಂಟಿಸಿದಳು. ಅವಳು ಶಾಲೆಯೊಂದರಲ್ಲಿ ಗುಮಾಸ್ತೆ, ಯಾರು ಎಲ್ಲಿ ಏನು ಬರೆದುಕೊಟ್ಟರು ಎಂಬುದನ್ನು ಮರೆಯುವವಳಲ್ಲ. ಮೆಲ್ಲಗೆ ಅಂದಳು: "ಕಂಡೋರ ಕೈ ನಡುಗುತ್ತೆ ಅಂತ ಬರ್ಕೊಟ್ಟು ಬಂದಿದ್ರಲ್ಲ. ಈಗ ನಿಮ್ಮ ಕೈಗೆ ಯಾರ ಹತ್ರ ಬರೆಸೋಣ?"

ಬರೆದುಕೊಟ್ಟದ್ದು ಮೂರು ತಿಂಗಳ ಹಿಂದೆ. ಬೂಟಿನ ಕಾರ್ಖಾನೆಯವರಿಗೆ ಇವರ ಆಫೀಸು ಒಂದು ಪ್ರೋಗ್ರಾಮ್ ಮಾಡಿಕೊಟ್ಟಿತ್ತು. ಹದ ಮಾಡಿದ ತೊಗಲನ್ನು ಮೇಜಿನ ಮೇಲೆ ಹರಡಿದರೆ ಅದರ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆ ಚಿತ್ರದ ಮೇಲೆ ಬೂಟಿನ ತುಂಡುಗಳನ್ನು ಓರೆಕೋರೆಯಾಗಿ, ಸಂದು ಬಿಡದ ಹಾಗೆ, ಗಾಯದ ಗುರುತು ತಪ್ಪಿಸಿ ಜೋಡಿಸಬೇಕು. ಜೋಡಿಸಿದ್ದೇ ಕೊನೆ, ಆಮೇಲೆ ಯಂತ್ರ ಕತ್ತರಿಸಿ ಹಾಕುತ್ತದೆ. ಜೋಡಿಸುವವಳು ಐವತ್ತು ದಾಟಿದ ಒಬ್ಬ ಹೆಂಗಸು. ಜೋಡಿ ಅಕ್ಕ ಎಂದೇ ಎಲ್ಲರೂ ಕರೆಯುವುದು, ಏನನ್ನು ಎಣಿಸಿದರೂ ಜೋಡಿಯಲ್ಲೇ ಎಣಿಸುತ್ತಾಳೆ, ತನ್ನ ಮಕ್ಕಳನ್ನು ಕೂಡ ಒಂದೂವರೆ ಜೋಡಿ ಎನ್ನುತ್ತಾಳೆ. ಮೊದಲೆಲ್ಲ ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಚಿತ್ರಗಳಿದ್ದವು. ಬಾಣದಣ್ಣ ಜಾಣತನ ತೋರಿಸಿದ: ಎರಡು ಯಾಕೆ, ಬಲಗಾಲನ್ನೇ ಮಗುಚಿದರೆ ಎಡಗಾಲು. ಯಜಮಾನ ಬೆನ್ನು ತಟ್ಟಿದ. ವಾರದೊಳಗೆ ಕಾರ್ಖಾನೆಯಿಂದ ಫೋನು ಬಂತು: ಎಡಗಾಲು ಕೈಗೆ ಬರುವುದಿಲ್ಲ, ಒಂದನ್ನು ಒತ್ತಿದರೆ ಪಕ್ಕದ್ದು ಬರುತ್ತದೆ, ಮೂರು ತೊಗಲು ಹಾಳಾಯಿತು.

ಅವನು ಹೋದ. ಅವಳ ಕುರ್ಚಿಯಲ್ಲಿ ಕೂತ, ಅವಳು ನಿಂತಳು. ಪರದೆಯ ಮೇಲೆ ಒಂದು ವೃತ್ತ ಎಳೆದ. ಮಗುಚಿದ, ತಿರುಗಿಸಿದ, ಒತ್ತಿದ, ಬಂತು. ಇನ್ನೊಂದು ವೃತ್ತ ಎಳೆದ, ಅದೂ ಬಂತು. ಪಕ್ಕದಲ್ಲಿದ್ದ ಕಾರ್ಖಾನೆಯ ಸೂಪರ್‌ವೈಜರ್ ತಲೆಯಾಡಿಸಿದ. ಆಫೀಸಿನಲ್ಲೂ ಅವನು ವೃತ್ತವನ್ನೇ ಎಳೆದು ಪರೀಕ್ಷೆ ಮಾಡಿದ್ದ; ವೃತ್ತವನ್ನು ಎಳೆಯುವುದು ಸುಲಭ, ಒಂದೇ ಸಲ ಮೌಸ್ ಎಳೆದರೆ ಮುಗಿಯಿತು, ಕಾಲಿನ ಆಕಾರ ಎಳೆಯುವ ಪುರುಸೊತ್ತು ಯಾರಿಗಿದೆ? ವೃತ್ತವನ್ನು ಮಗುಚಿದರೂ ವೃತ್ತ, ತಿರುಗಿಸಿದರೂ ವೃತ್ತ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ ಎಂಬುದು ಅವನ ತಲೆಗೆ ಬರಲಿಲ್ಲ. ಜಗತ್ತಿನಲ್ಲಿ ಯಾರ ಕಾಲೂ ದುಂಡಗಿಲ್ಲ ಎಂಬುದೂ ಬರಲಿಲ್ಲ. ಜೋಡಿ ಅಕ್ಕ ಹಿಂದೆ ನಿಂತು, ಕಾಲಿನ ತುಂಡನ್ನು ಇಟ್ಟು ನೋಡಿ ಸಾರ್ ಎಂದು ಎರಡು ಸಲ ಅಂದಳು. ಅವನಿಗೆ ನಾಲ್ಕೂಕಾಲಿನ ಬಸ್ಸಿತ್ತು. ಅವಳ ಕೈಯನ್ನು ನೋಡಿದ; ಬೆರಳ ಗಂಟುಗಳು ಊದಿದ್ದವು, ತೊಗಲಿನ ಹದದ ಕಂದು ಉಗುರಿನಲ್ಲಿ ಕೂತಿತ್ತು. ಕಾರ್ಖಾನೆಯ ಕಾಗದದ ಮೇಲೆ ಬರೆದ: ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಬಳಸುವವರ ಕೈ ಸ್ಥಿರವಾಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಸ್ಸಿನಲ್ಲಿ ನಗುತ್ತ ಬಂದಿದ್ದ. ನೆಲ ಹಾಸಿದವನೇ ಕುಣಿಯುವವಳನ್ನು ಡೊಂಕು ಎಂದರೆ ಅದಕ್ಕೆ ಗಾದೆ ಮಾಡಿದವರಿಲ್ಲ.

ಇವತ್ತಿನ ಬಸ್ಸು ಒಂದು ತಿರುವಿನಲ್ಲಿ ವಾಲಿತು. ಅವನೂ ವಾಲಿದ, ಹಳೆಯದೊಂದು ನೆನಪಾಯಿತು. ಅಪ್ಪನ ಗೋಡೆ ಗಡಿಯಾರದ ಗಾಜು ಒಡೆದದ್ದು ಯಾರು ಎಂದು ಅಪ್ಪ ಕೇಳಿದಾಗ ಅವನಿಗೆ ಏಳು ವರ್ಷ. ಬಾಯಿ ಏನೂ ಹೇಳಿರಲಿಲ್ಲ, ಬೆರಳು ತಾನಾಗಿ ಎದ್ದು ಅಕ್ಕನ ಕಡೆ ಹೋಗಿತ್ತು. ಅಕ್ಕನಿಗೆ ಎರಡು ಬಿದ್ದವು. ಅವಳು ಅಳಲಿಲ್ಲ, ನಾನಲ್ಲ ಅವನು ಎನ್ನಲಿಲ್ಲ. ಸಂಜೆ ಅವನ ತಲೆ ಬಾಚುತ್ತ, ಹಣಿಗೆಯನ್ನು ಸ್ವಲ್ಪ ಹೆಚ್ಚೇ ಒತ್ತಿ, "ನಿನ್ನ ಬೆರಳು ಚೆನ್ನಾಗಿ ತೋರಿಸುತ್ತೆ ಕಣೋ" ಅಂದಿದ್ದಳು. ಆ ಬೆರಳಿಗೇ ಮುಂದೆ ಸಂಬಳ ಬರತೊಡಗಿತು.

ಅವನು ಬರೆದ ಆ ಕಾಗದದ ಮೇಲೆ ಇವತ್ತು ಹತ್ತು ಗಂಟೆಗೆ ಜೋಡಿ ಅಕ್ಕನಿಗೆ ಪರೀಕ್ಷೆ. ಒಂದು ತೊಗಲು, ಇಪ್ಪತ್ತು ಜೋಡಿ, ಒಂದು ಗಂಟೆ. ಆಗದಿದ್ದರೆ ಅವಳನ್ನು ಜೋಡಣೆಯಿಂದ ತೆಗೆದು ಡಬ್ಬಿ ತುಂಬುವ ಕಡೆ ಹಾಕುತ್ತಾರೆ. ಇಪ್ಪತ್ತೇಳು ವರ್ಷ ತೊಗಲಿನ ಮೇಲೆ ಕೈಯಾಡಿಸಿದವಳು ರಟ್ಟಿನ ಡಬ್ಬಿಗೆ ಕಾಗದ ತುರುಕುತ್ತ ಕೂರಬೇಕು. ಆಮೇಲೆ ತಪ್ಪನ್ನು ಪ್ರೋಗ್ರಾಮಿನ ಮೇಲೆ ಹಾಕಬಾರದು, ಆದ್ದರಿಂದ ಪ್ರೋಗ್ರಾಮಿನವರೂ ಇರಲಿ ಎಂದು ಸೂಪರ್‌ವೈಜರ್ ಇವನನ್ನು ಸಾಕ್ಷಿಗೆ ಕರೆದಿದ್ದ. ನಿನ್ನೆ ಮಧ್ಯಾಹ್ನ ಬಾಣದಣ್ಣ ಆಫೀಸಿಗೆ ಹೋಗಿ ಪ್ರೋಗ್ರಾಮಿನ ಎರಡು ಸಾಲು ಅದಲುಬದಲು ಮಾಡಿದ. ಎರಡೇ ಸಾಲು. ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ. ಬಸ್ಸಿನಲ್ಲಿ ಕೂತು ಯೋಜನೆಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓಡಿಸಿದ: ಒಂಬತ್ತೂವರೆಗೆ ಹೋಗುವುದು, ಯಂತ್ರ ನೋಡುವ ನೆಪದಲ್ಲಿ ಹೊಸದನ್ನು ಹಾಕುವುದು, ಸುಮ್ಮನಿರುವುದು. ಅವಳು ಬರುತ್ತಾಳೆ, ಎಡಗಾಲು ಕೈಗೆ ಬರುತ್ತದೆ, ಪರೀಕ್ಷೆ ಪಾಸಾಗುತ್ತಾಳೆ. ಕೈ ಸುಧಾರಿಸಿತು ಎಂದು ಸೂಪರ್‌ವೈಜರ್ ತಿಳಿಯುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾವು ತಾನೇ ಎಂಬ ಸಣ್ಣ ಸಂಗತಿಯನ್ನು ಬದಿಗಿಟ್ಟರೆ ಯೋಜನೆಯಲ್ಲಿ ಕುಂದಿರಲಿಲ್ಲ.

ಜೋಡಣೆಯ ಕೋಣೆ ಉದ್ದನೆಯದು, ಹದ ಮಾಡಿದ ತೊಗಲಿನ ಒಗರು ವಾಸನೆಯದು. ಅವನು ಅಂದುಕೊಂಡ ಹಾಗೇ ಆಯಿತು. ಸೂಪರ್‌ವೈಜರ್ ಆಚೆ ಕೋಣೆಯಲ್ಲಿ ಹಾಜರಿ ಹಾಕುತ್ತಿದ್ದ. ಬಾಣದಣ್ಣ ಪೆನ್‌ಡ್ರೈವ್ ಚುಚ್ಚಿ, ಹಳೆಯ ಪ್ರೋಗ್ರಾಮಿಗೆ ಬೇರೆ ಹೆಸರು ಕೊಟ್ಟು ಮೂಲೆಗೆ ತಳ್ಳಿ, ಹೊಸದನ್ನು ಹಾಕಿ, ಒಂದು ಎಡಗಾಲಿನ ತುಂಡನ್ನು ಓರೆಯಾಗಿ ಇಟ್ಟು ಒತ್ತಿದ. ಬಂತು. ಜೀವನದಲ್ಲಿ ಮೊದಲ ಸಲ ವೃತ್ತವಲ್ಲದ್ದನ್ನು ಒತ್ತಿ ನೋಡಿದ್ದ. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕುವಷ್ಟರಲ್ಲಿ ಜೋಡಿ ಅಕ್ಕ ಬಂದಳು, ಕನ್ನಡಕವನ್ನು ಸೆರಗಿನಿಂದ ಒರೆಸುತ್ತ. ನಮಸ್ಕಾರ ಸಾರ್ ಎಂದಳು. ಅವನ ಕಿವಿಯನ್ನು ನೋಡಿದಳು, ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಅವನಿಗೆ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. ನಾಲ್ಕನೆಯ ಸುಳ್ಳನ್ನು ಬಾಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದ.

ಹತ್ತಕ್ಕೆ ಸರಿಯಾಗಿ ಸೂಪರ್‌ವೈಜರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಒಂದು ಕಡತ, ಅದರ ಮೇಲಿನ ಹಾಳೆಯಲ್ಲಿ ಬಾಣದಣ್ಣನ ಅಕ್ಷರ. ಅವಳು ಕೂತಳು. ಮೊದಲು ಬಲಗಾಲು, ಒಂದೊಂದನ್ನೇ ಒತ್ತಿ, ಎಳೆದು, ಒಂದರ ಮಡಿಲಿಗೆ ಇನ್ನೊಂದರ ಬೆನ್ನು ಬರುವ ಹಾಗೆ ಇಟ್ಟಳು. ಆ ಕೈಯಲ್ಲಿ ನಡುಕದ ಸುಳಿವೇ ಇರಲಿಲ್ಲ. ಬಾಣದಣ್ಣ ಕಿಟಕಿಯ ಹತ್ತಿರ ನಿಂತು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಆಮೇಲೆ ಎಡಗಾಲು. ಒಂದನ್ನು ಇಟ್ಟಳು, ಬಲಕ್ಕೆ ವಾಲಿಸಿದಳು. ಅದನ್ನು ಮತ್ತೆ ಹಿಡಿದು ಸರಿಸಬೇಕಿತ್ತು. ಅವಳ ಬಾಣ ತುಂಡಿನ ಕಡೆ ಹೋಗಲಿಲ್ಲ. ಸ್ವಲ್ಪವೂ ಅನುಮಾನಿಸದೆ, ಕತ್ತಲಲ್ಲಿ ಸ್ವಂತ ಮನೆಯ ದೀಪದ ಗುಂಡಿಗೆ ಹೋಗುವ ಕೈಯ ಹಾಗೆ, ಎಡಗಡೆಯ ಖಾಲಿ ತೊಗಲಿನ ಮೇಲೆ ಹೋಗಿ ಒತ್ತಿತು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಬರಲಿಲ್ಲ. ಇನ್ನೊಂದು ತುಂಡನ್ನು ಎಡಕ್ಕೆ ವಾಲಿಸಿ, ಬಲಗಡೆಯ ಖಾಲಿ ಜಾಗದಲ್ಲಿ ಒತ್ತಿದಳು. ಬರಲಿಲ್ಲ.

ಅವನಿಗೆ ಅರ್ಥವಾಗಲು ಆ ಮೂರು ಒತ್ತು ಸಾಕಾದವು. ತುಂಡು ಎಷ್ಟು ಈಚೆ ವಾಲಿದೆಯೋ ಅಷ್ಟೇ ಆಚೆ ವಾಲಿದೆ ಎಂದು ಅವನ ತಪ್ಪು ಲೆಕ್ಕ ತಿಳಿದಿತ್ತು. ಅದನ್ನು ಬರೆದವನಿಗೆ ಮೂರು ತಿಂಗಳು ಕಾಣಲಿಲ್ಲ. ಇವಳು ಕಂಡುಹಿಡಿದಿದ್ದಳು. ಕೈಯಿಂದ ತಡವಿ ತಡವಿ ಕಂಡುಹಿಡಿದು, ಆ ಡೊಂಕನ್ನು ಬಾಯಿಪಾಠ ಮಾಡಿ, ಕಾಣುವ ತುಂಡನ್ನು ಬಿಟ್ಟು ಕಾಣದ ತುಂಡನ್ನು ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದಳು. ಅದಕ್ಕೇ ಎರಡು ತಿಂಗಳಿಂದ ತೊಗಲು ಹಾಳಾಯಿತೆಂದು ಒಂದು ಫೋನೂ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಅವನು ಅವಳ ಕಾಲ ಕೆಳಗಿನ ನೆಲವನ್ನು ಕದ್ದು ನೆಟ್ಟಗೆ ಮಾಡಿದ್ದ.

ಸೂಪರ್‌ವೈಜರ್‌ಗೆ ಬೇಸರವೂ ಇತ್ತು, ಸರಿಯಾಗಿ ಹೇಳಿದ್ದೆನೆಂಬ ಸಮಾಧಾನವೂ ಇತ್ತು. "ನೋಡಿದ್ರಾ ಸಾರ್, ಎರಡು ತಿಂಗಳಿಂದ ನೋಡ್ತಾ ಇದ್ದೀನಿ, ತುಂಡು ಇರೋದು ಒಂದು ಕಡೆ, ಈಯಮ್ಮ ಒತ್ತೋದು ಇನ್ನೊಂದು ಕಡೆ. ನೀವು ಬರೆದಿದ್ದೇ ಸರಿ" ಎಂದು ಹಾಳೆಯನ್ನು ಎತ್ತಿ, ಕೈ ಸ್ಥಿರವಾಗಿಲ್ಲ ಎಂಬ ಸಾಲನ್ನು ಓದಿದ. ತನ್ನ ವಾಕ್ಯವನ್ನು ಬೇರೆಯವರ ಬಾಯಲ್ಲಿ ಕೇಳುವಾಗ ಬಾಣದಣ್ಣ ಅದರ ಮೊದಲ ಭಾಗಕ್ಕೆ ಕಾದ, ದೋಷವಿಲ್ಲ ಎಂಬುದಕ್ಕೆ; ಸೂಪರ್‌ವೈಜರ್ ಅದನ್ನು ಓದುವ ಗೋಜಿಗೆ ಹೋಗಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ ಎಂಬಂತೆ. ಮಾತಾಡಬೇಕು ಎಂದುಕೊಂಡ. ಬಂದದ್ದು ಕೆಮ್ಮು. ಒಡಹುಟ್ಟಿದ ಅಕ್ಕನ ಹಣಿಗೆ ನೆತ್ತಿಯ ಮೇಲೆ ಒತ್ತುತ್ತಿತ್ತು.

ಜೋಡಿ ಅಕ್ಕ ಇಬ್ಬರ ಕಡೆಗೂ ತಿರುಗಲಿಲ್ಲ. ಮೌಸಿನಿಂದ ಕೈ ತೆಗೆದು ಒಂದು ನಿಮಿಷ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಮಕ್ಕಳು ಬಿಸಿ ಪಾತ್ರೆ ಮುಟ್ಟುವ ಹಾಗೆ ಬಾಣವನ್ನು ಮೆಲ್ಲಗೆ ತುಂಡಿನ ಮೇಲೆಯೇ ತಂದು ಒತ್ತಿದಳು. ಬಂತು. ಬಿಟ್ಟಳು. ಇನ್ನೊಂದನ್ನು ಒತ್ತಿದಳು. ಅದೂ ಬಂತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ತಿರುಗಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಮಳಿಗೆಯಲ್ಲಿ ತೂಕ ನೋಡುವವರ ನೋಟ ಅದು.

"ಯಾವಾಗ ಸರಿ ಮಾಡಿದ್ರಿ?"

ಏನು ಸರಿ ಮಾಡಿದ್ದು ಎಂದು ಸೂಪರ್‌ವೈಜರ್ ಕೇಳಿದ. ಬಾಣದಣ್ಣ ಹೇಳಲು ಶುರುಮಾಡಿದ. ಹೇಗೆ ಶುರುಮಾಡಿದ ಎಂದರೆ, ಹದಿನಾರು ವರ್ಷದ ಹಿಂದಿನಿಂದ. ಪ್ರತಿ ತುಂಡಿಗೂ ಒಂದು ಮೂಲ ರೂಪ ಇರುತ್ತದೆ ಎಂದ. ಅದನ್ನು ಮೂರು ರೀತಿ ಬದಲಾಯಿಸುತ್ತೇವೆ ಎಂದ. ವೃತ್ತದ ಗುಣವೇನೆಂದರೆ ಎಂದ. ಬಯಲಿಗೆ ಹೋಗುವ ದಾರಿಯನ್ನು ಅಡುಗೆಮನೆಯಿಂದ ಹೇಳುವವನ ಹಾಗೆ ಮೊದಲ ತಿರುವಿನಿಂದಲೇ ಹೊರಟಿದ್ದ, ಅಭ್ಯಾಸಬಲ. ಸೂಪರ್‌ವೈಜರ್ ಕೈಗಡಿಯಾರ ನೋಡಿದ. ಇನ್ನು ಹತ್ತು ನಿಮಿಷ ಹೀಗೆ ಹೋದರೆ ಯಾರಿಗೂ ಏನೂ ಅರ್ಥವಾಗದೆ ತಾನು ಉಳಿದುಕೊಳ್ಳಬಹುದು ಎಂದು ಬಾಣದಣ್ಣನ ಒಳಗಿನ ಒಬ್ಬ ಲೆಕ್ಕ ಹಾಕುತ್ತಲೇ ಇದ್ದ.

ಜೋಡಿ ಅಕ್ಕ ಕೈ ಅಡ್ಡ ಹಿಡಿದಳು. "ಅದೆಲ್ಲ ಆಮೇಲೆ. ಬೆಳಿಗ್ಗೆಯದು ಮೊದಲು ಹೇಳಿ."

"ಬೆಳಿಗ್ಗೆ" ಎಂದ ಅವನು, "ನೀವು ಬರೋಕೆ ಮುಂಚೆ ಹೊಸದು ಹಾಕ್ದೆ. ಹೇಳ್ಲಿಲ್ಲ." ಒಂದು ಹೊರಬಂದ ಮೇಲೆ ಅದರ ಹಿಂದಿನದು ತಾನಾಗಿ ಬಂತು: ನಿನ್ನೆ ತಪ್ಪು ಸಿಕ್ಕಿದ್ದು. ಅದರ ಹಿಂದಿನದು: ಕಾಗದ. ಅದರ ಹಿಂದಿನದು: ಕಾಲಿನ ತುಂಡು ಇಟ್ಟು ನೋಡಿ ಎಂದಾಗ ನೋಡದೆ ಇದ್ದದ್ದು. ಕೊನೆಯದನ್ನು ಮೊದಲು ಬಿಚ್ಚಿದ್ದಕ್ಕೆ ಎಲ್ಲಾ ಸರಾಗವಾಗಿ ಬಿಚ್ಚಿಕೊಂಡವು, ಮತ್ತು ಅವನು ಅಷ್ಟೇ ಸರಾಗವಾಗಿ ಬರಿಮೈಯಾದ. ಸೂಪರ್‌ವೈಜರ್ ಹಾಳೆಯನ್ನೂ ಅವನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಹಾಗಾದರೆ ಇವರು ಖಾಲಿ ಜಾಗದಲ್ಲಿ ಒತ್ತುತ್ತಿದ್ದದ್ದು ಎಂದು ಶುರುಮಾಡಿ ನಿಲ್ಲಿಸಿದ. ಇಷ್ಟು ದಿನ ಯಾಕಮ್ಮ ಹೇಳಲಿಲ್ಲ ಎಂದು ಅವಳನ್ನೇ ಗದರಿದ. ಯಾರನ್ನಾದರೂ ಗದರುವುದು ಅವನಿಗೂ ರೂಢಿ.

"ಹೇಳಿದ್ದಕ್ಕೆ ಕೈ ನಡುಗುತ್ತೆ ಅಂದ್ರಿ" ಎಂದಳು ಜೋಡಿ ಅಕ್ಕ. "ಖಾಲಿ ಜಾಗದಲ್ಲಿ ಒತ್ತಿದ್ರೆ ಬರುತ್ತೆ ಅಂತ ಹೇಳಿದ್ರೆ ತಲೆ ನಡುಗುತ್ತೆ ಅಂತಿದ್ರಿ."

ಪರೀಕ್ಷೆ ಇನ್ನೊಂದು ದಿನ ಇಡೋಣ ಎಂದ ಸೂಪರ್‌ವೈಜರ್, ಹೊಸದು ಕೈಗೆ ಒಗ್ಗಲಿ. ಅವಳು ಒಪ್ಪಲಿಲ್ಲ. ಇವತ್ತು ಅಂತ ಇವತ್ತೇ, ಬರೆದ ಕಾಗದಕ್ಕೆ ಇನ್ನೊಂದು ವಾರ ವಯಸ್ಸಾಗುವುದು ಬೇಡ ಎಂದಳು. ಬಾಣದಣ್ಣನ ಕಡೆ ತಿರುಗಿ, "ಹಳೇದೇ ಹಾಕಿ ಸಾರ್. ನನ್ನ ಕೈಗೆ ಗೊತ್ತಿರೋದು ಅದು" ಎಂದಳು.

ಹದಿನಾರು ವರ್ಷದಲ್ಲಿ ಎಷ್ಟೋ ತಪ್ಪುಗಳನ್ನು ಗೊತ್ತಿಲ್ಲದೆ ಹಾಕಿದ್ದ. ಗೊತ್ತಿದ್ದೂ, ಎಲ್ಲರೂ ನೋಡುತ್ತಿರುವಾಗ, ಹಾಡುಹಗಲಲ್ಲಿ ಒಂದು ತಪ್ಪನ್ನು ಕೈಯಾರೆ ಹಾಕಿದ್ದು ಅದೇ ಮೊದಲು. ಮೂಲೆಗೆ ತಳ್ಳಿದ್ದ ಹಳೆಯ ಪ್ರೋಗ್ರಾಮಿಗೆ ಮತ್ತೆ ಅದರ ಹೆಸರು ಕೊಟ್ಟ. ಕುರ್ಚಿ ಬಿಟ್ಟು ಎದ್ದ. ಸೂಪರ್‌ವೈಜರ್ ಗಡಿಯಾರ ನೋಡಿ ಹೊತ್ತನ್ನು ಮೊದಲಿನಿಂದ ಎಣಿಸತೊಡಗಿದ. ಜೋಡಿ ಅಕ್ಕ ಕೈ ಇಟ್ಟಳು. ಬಲಕ್ಕೆ ವಾಲಿದ್ದನ್ನು ಎಡದ ಬಯಲಿನಿಂದ ಎತ್ತಿದಳು, ಎಡಕ್ಕೆ ವಾಲಿದ್ದನ್ನು ಬಲದ ಬಯಲಿನಿಂದ. ನಡುವೆ ಬೇರೆ ತುಂಡು ಅಡ್ಡ ಬರುತ್ತದೆಂದು ಮೊದಲೇ ತಿಳಿದು, ಅದನ್ನು ದೂರ ಸರಿಸಿಟ್ಟು ಒತ್ತಿದಳು. ಖಾಲಿ ತೊಗಲಿನ ಮೇಲೆ ಒತ್ತಿದಾಗಲೆಲ್ಲ ಎಲ್ಲೋ ಆಚೆ ಒಂದು ಎಡಗಾಲು, ಕರೆದ ಕರುವಿನ ಹಾಗೆ, ಎದ್ದು ಬರುತ್ತಿತ್ತು. ನೋಡುತ್ತ ನೋಡುತ್ತ ಬಾಣದಣ್ಣನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು, ಇದು ನಾನು ಮಾಡಿದ್ದು ಎಂದು. ಏನನ್ನು ಮಾಡಿದ್ದು ಎಂದು ನೆನಪಾಗಿ ಆ ಹೆಮ್ಮೆಯನ್ನು ಎಲ್ಲಿಡುವುದೋ ತಿಳಿಯದೆ ಕಿಟಕಿಯ ಕಡೆ ತಿರುಗಿದ. ನಲವತ್ಮೂರು ನಿಮಿಷಕ್ಕೆ ಇಪ್ಪತ್ತು ಜೋಡಿ ಮುಗಿಯಿತು. ಸಂದು ಹುಡುಕಿದರೂ ಬೆರಳು ತೂರುವಷ್ಟಿರಲಿಲ್ಲ. ಸೂಪರ್‌ವೈಜರ್ ಗಡಿಯಾರ ಕಟ್ಟಿಕೊಂಡು, ಕಡತದ ಮೇಲಿನ ಹಾಳೆಯನ್ನು ತೆಗೆದು, ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಬಾಣದಣ್ಣನ ಮುಂದೆ ಇಟ್ಟ.

ಅವನು ಮೇಜಿಗೆ ಬಾಗಿ ಬರೆದ. ಪ್ರೋಗ್ರಾಮನ್ನು ಸುಧಾರಿಸಲಾಗಿದೆ ಎಂದು ಬರೆದು, ಅವಳು ಹೆಗಲ ಹಿಂದೆ ನಿಂತು ಓದುತ್ತಿರುವುದು ಗೊತ್ತಾಗಿ, ಹೊಡೆದುಹಾಕಿ, ಪ್ರೋಗ್ರಾಮಿನಲ್ಲಿ ದೋಷವಿತ್ತು, ಅದು ನನ್ನದು ಎಂದು ಬರೆದ. ರುಜು ಹಾಕಿದ. ಅವಳು ಹಾಳೆಯನ್ನು ತೆಗೆದುಕೊಂಡು, ಎರಡು ಸಲ ಓದಿ, ನಾಲ್ಕಾಗಿ ಮಡಚಿ ಸೂಪರ್‌ವೈಜರ್‌ಗೆ ಕೊಟ್ಟಳು. ಇನ್ನು ನಿಮ್ಮ ಹೊಸದನ್ನು ಹಾಕಿ, ನಾಳೆಯಿಂದ ಮೊದಲಿನಿಂದ ಕಲಿಯುತ್ತೇನೆ ಎಂದಳು. ಅವನು ಹಾಕಿ ಎದ್ದಾಗ ಅವಳ ಕಣ್ಣು ಬೆಳಿಗ್ಗೆ ನಿಂತಿದ್ದ ಕಡೆಗೇ ಹೋಯಿತು.

"ಕಿವಿಗೆ ಏನಾಯ್ತು ಸಾರ್?"

ಚಿಲಕ, ಸೊಳ್ಳೆ, ಬೆಕ್ಕು, ಮೂರೂ ಬಾಯ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು.

"ಕೈ ನಡುಗಿತು ಅಕ್ಕ."

ಅದೂ ಸುಳ್ಳೇ. ಕೈ ನಡುಗಿರಲಿಲ್ಲ, ಕನ್ನಡಿಯಲ್ಲಿ ದಾರಿ ತಪ್ಪಿತ್ತು ಅಷ್ಟೆ. ಆದರೆ ಮೂರು ತಿಂಗಳಿಂದ ಆ ಸುಳ್ಳು ಅವಳ ಮೇಲೆ ಕೂತಿತ್ತು. ಎತ್ತಿ ತನ್ನ ಮೇಲೆ ಇಟ್ಟುಕೊಂಡ. ಜೋಡಿ ಅಕ್ಕ ಅವನ ಕೈಯನ್ನು ಒಮ್ಮೆ ನೋಡಿದಳು, ನಂಬಲಿಲ್ಲ, ಕನ್ನಡಕ ತೆಗೆದು ಒರೆಸತೊಡಗಿದಳು.